ಉಕ್ಕಿನ ಬೆಂಚಿಗೆ ಮಡಿ

ಸ್ಟಾಕ್ಟನ್‌ನಿಂದ ಮಧ್ಯಾಹ್ನ ವಾಪಸು ಬಂದು ಶೆಡ್ಡಿನ ಶಟರ್ ಎತ್ತಿದರೆ ನನ್ನ ಬೆಂಚು ಇಲ್ಲ. ಅದು ನಿಂತಿದ್ದ ಕಡೆ ನೆಲದ ಸಿಮೆಂಟು ಬೆಳ್ಳಗೆ ಕಾಣುತ್ತಿತ್ತು. ಬೆಂಚಿನ ಮೇಲಿದ್ದ, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಸುತ್ತಿಗೆ, ಅರಗಳನ್ನೆಲ್ಲ ಯಾರೋ ಒಂದು ಗೋಣಿಚೀಲ ಹಾಸಿ ಅದರ ಮೇಲೆ ಸಾಲಾಗಿ ಜೋಡಿಸಿದ್ದರು. ಕಳ್ಳರು ಹಾಗೆ ಜೋಡಿಸುವುದಿಲ್ಲ. ಹಾಗೆ ಜೋಡಿಸುವವರು ಭೂಮಿಯ ಮೇಲೆ ಒಬ್ಬರೇ, ಅವರನ್ನು ನಾನು ಕಟ್ಟಿಕೊಂಡಿದ್ದೇನೆ.

"ಏನ್ರೀ, ಬೆಂಚೆಲ್ಲಿ?"

ಸ್ಟೂಲಿನ ಕಾಲಿಗೆ ಬಣ್ಣ ಹೊಡೆಯುತ್ತಿದ್ದ ಶಿವಪ್ರಕಾಶ್ ತಲೆ ಎತ್ತಲಿಲ್ಲ. "ಡ್ಯಾನ್‌ವಿಲ್‌ಗೆ ಕೊಟ್ಟೆ ಕಣಮ್ಮಿ. ಗಾರ್ಗಿಯಮ್ಮೋರ ಮನೆಗೆ. ಗೊಂಬೆ ಕೂರ್ಸಕ್ಕೆ."

"ಮಾರ್ಬುಟ್ರಾ?"

"ಮಾರಿಲ್ಲ ಕಣೆ, ಹಬ್ಬ ಮುಗಿಯೋಗಂಟ ಅಷ್ಟೇ. ಅವರು ಹೇಳಿದ್ದ ಬೆಂಚು ನಾವು ಟೈಮಿಗೆ ಮಾಡ್ಕೊಡ್ಲಿಲ್ವಲ್ಲ. ಅವರತ್ತೆ ಮೈಸೂರಿಂದ ಪೆಟ್ಟಿಗೆಗಟ್ಲೆ ಗೊಂಬೆ ತಂದವ್ರೆ. ನವರಾತ್ರೀಲಿ ಮುತ್ತೈದೆ ಬಾಯ್ಬಿಟ್ಟು ಕೇಳುದ್ರೆ ಇಲ್ಲ ಅನ್ನಕಾದದಾ?"

"ಅವರ ಬೆಂಚನ್ನ ಈಗ ಯಾವುದರ ಮೇಲೆ ಇಟ್ಟು ಮಾಡ್ಲಿ? ನಿಮ್ಮ ಬೆನ್ನ್ ಮೇಲಾ?"

ಅವರು ಅದನ್ನು ಯೋಚಿಸಿರಲಿಲ್ಲ. ಕೈಯಲ್ಲಿದ್ದ ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ನಾನು ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಗೋಡೆಗೆ ಬೀಸಿ ಒಗೆದೆ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಕಾರ್ಖಾನೆಗಳಿದ್ದವು. ಹಣ್ಣು ಹೆಚ್ಚಿ ಡಬ್ಬಿಗೆ ತುಂಬುವವು, ಹಡಗು ರಿಪೇರಿಯವು, ಟ್ರ್ಯಾಕ್ಟರಿನವು. ಒಂದೊಂದಾಗಿ ಮುಚ್ಚಿದವು. ಅಲ್ಲಿದ್ದ ಉಕ್ಕಿನ ಬೆಂಚು, ಸ್ಟೂಲು, ಬೀರು, ಲಾಕರುಗಳು ಗುಜರಿಗೆ ಹೋದವು. ಈಗ ಅವೇ ಫ್ಯಾಷನ್ನು. ಕೂಲಿಯವರು ಕೂತು ಕೂತು ಸವೆಸಿದ ಸ್ಟೂಲಿನ ಮೇಲೆ ಎಮರಿವಿಲ್‌ನವರು ಕೂತು ಕಾಫಿ ಕುಡಿಯುತ್ತಾರೆ. ಯಾರೋ ಎಣ್ಣೆಬಟ್ಟೆ ತುರುಕಿದ್ದ ಲಾಕರಿನಲ್ಲಿ ಸ್ಯಾನ್ ಮಟಿಯೋದವರು ಮಗುವಿನ ಚಪ್ಪಲಿ ಇಡುತ್ತಾರೆ. ನಾವು ಸ್ಯಾನ್ ಲಿಯಾಂಡ್ರೊದ ಈ ಶೆಡ್ಡಿನಲ್ಲಿ ಹಳೆಯದನ್ನು ತಂದು, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಿ, ತುಕ್ಕು ಕೆರೆದು, ಬಣ್ಣ ಕೊಟ್ಟು ಮಾರುತ್ತೇವೆ. ಜೊತೆ ಕಡಿಮೆ ಬಿದ್ದರೆ ಅದೇ ಮಾದರಿಯಲ್ಲಿ ಹೊಸದು ಮಾಡುತ್ತೇವೆ.

ಇವರ ಅಕ್ಕ ನಮ್ಮನ್ನು ಸಮುದ್ರ ದಾಟಿಸಿ ಇಲ್ಲಿಗೆ ಕರೆಸಿಕೊಂಡಾಗ ನನಗೆ ಗೊತ್ತಿದ್ದದ್ದು ಎರಡೇ, ಮುದ್ದೆ ಕಟ್ಟುವುದು ಮತ್ತು ವೆಲ್ಡಿಂಗು. ಮದ್ದೂರು ರಸ್ತೆಯಲ್ಲಿ ನಮ್ಮಪ್ಪ ಟ್ರ್ಯಾಕ್ಟರ್ ಟ್ರೇಲರು ಕಟ್ಟುತ್ತಿದ್ದರು. ಊರ ಶಾಲೆ ಮುಗಿದ ಮೇಲೆ ನನಗೆ ಅದೇ ಕಾಲೇಜು. ಇಲ್ಲಿನ ಗಿರಾಕಿಗಳ ನಾಲಿಗೆಗೆ ಮರಿತಾಯಮ್ಮ ಅನ್ನುವ ಹೆಸರು ಒಗ್ಗುವುದಿಲ್ಲ. ಮೇರಿ ಅನ್ನುತ್ತಾರೆ. ಮೇರಿಗೆ ಅವರು ಹೇಳುವುದು ಒಂದೇ ಮಾತು: ತುಕ್ಕು ಪೂರ್ತಿ ತೆಗೆಯಬೇಡ, ಗೀರು ಹಾಗೇ ಇರಲಿ, ಅದರಲ್ಲಿ ಒಂದು ಕಥೆ ಇದೆ. ಕೆಲಸ ಮಾಡಿದವನು ಬೇಡ, ಅವನು ಬಿಟ್ಟು ಹೋದ ಗೀರು ಬೇಕು. ನನಗೆ ಇದು ಮೊದಲಿಂದಲೂ ಮೈ ಉರಿಸುತ್ತಿತ್ತು. ಆದರೆ ಅನ್ನ ಅದರಿಂದಲೇ ಬರುತ್ತಿದ್ದದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಆ ಬೆಂಚು ಮಾತ್ರ ಮಾರುವುದಕ್ಕಲ್ಲ. ಶೆಡ್ಡು ಶುರು ಮಾಡಿದ ವರ್ಷ ಮುಚ್ಚಿದ ಡಬ್ಬಿ ಕಾರ್ಖಾನೆಯೊಂದರಿಂದ ತಂದದ್ದು. ನಾಲ್ಕು ಜನ ಹಿಡಿದರೂ ಮುಲುಕುವಂಥ ಉಕ್ಕಿನ ಹಲಗೆ. ಅದರ ಮೈತುಂಬ ಗೀರುಗಳಿದ್ದವು, ಕೆಲವು ಆ ಕಾರ್ಖಾನೆಯವರದು, ಮಿಕ್ಕವು ಅಳತೆಗೆಂದು ನಾನು ಉಕ್ಕಿನ ಮೊಳೆಯಿಂದ ಗೀಚಿದವು. ಬೆಂಚಿನ ಕಾಲು ಕಟ್ಟಬೇಕೆಂದರೆ ತುಂಡುಗಳನ್ನು ಆ ಗೀರುಗಳ ಒಳಗೆ ಮಲಗಿಸಿ ವೆಲ್ಡ್ ಮಾಡಿದರೆ ಮುಗಿಯಿತು. ಸ್ಟೂಲಿನದೂ ಅಷ್ಟೇ, ಲಾಕರಿನ ಬಾಗಿಲೂ ಅಷ್ಟೇ. ನಕ್ಷೆ ಗಿಕ್ಷೆ ಏನೂ ನಮ್ಮಲ್ಲಿಲ್ಲ. ಬೆಂಚೇ ನಮ್ಮ ಅಚ್ಚು. ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು ಇಟ್ಟು ಒಂದು ಮೂಲೆ ಕೆಂಪಾಗಿ ಹೋಗಿತ್ತು, ಉಜ್ಜಿದರೂ ಬಿಡುತ್ತಿರಲಿಲ್ಲ. ನಮ್ಮ ಊಟವೂ ಅದರ ಮೇಲೇ. ವೈಸಿನ ಪಕ್ಕದಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆವು.

ಅದಿಲ್ಲದೆ ಕೆಲಸ ನಿಂತಿತು. ಎರಡು ಮೂರು ದಿನ ತಡೆದು ಗಾರ್ಗಿಗೆ ಫೋನು ಮಾಡಿ ಬೆಂಚು ವಾಪಸು ಕೊಡಿ ಎಂದೆ. "ಅಯ್ಯೋ ಆಂಟಿ, ಗೊಂಬೆ ಆಲ್ರೆಡಿ ಕೂರಿಸಿ ಆಯ್ತು, ಈಗ ಕದಲಿಸಿದ್ರೆ ಅತ್ತೆ ನನ್ನನ್ನ ಕದಲಿಸಿಬಿಡ್ತಾರೆ. ಆಯುಧಪೂಜೆ ದಿನ ಸಂಜೆ ಅರಿಶಿನ ಕುಂಕುಮಕ್ಕೆ ಬನ್ನಿ ಪ್ಲೀಸ್. ನಿಮಗೊಂದು ಸರ್‌ಪ್ರೈಸ್ ಇದೆ" ಅಂದಳು. ಕೂರಿಸಿದ ಗೊಂಬೆಯನ್ನು ನಡುವೆ ಎತ್ತಬಾರದು ಎಂದು ನನಗೂ ಗೊತ್ತು. ಹಲ್ಲು ಕಚ್ಚಿಕೊಂಡೆ.

ಆಯುಧಪೂಜೆ ದಿನ ಶೆಡ್ಡು ತೊಳೆದು, ವೈಸಿಗೆ, ವೆಲ್ಡಿಂಗ್ ಮೆಷಿನ್ನಿಗೆ, ಟ್ರಕ್ಕಿಗೆ ಹೂವು ಮುಡಿಸಿದೆವು. ಬೂದುಗುಂಬಳ ಒಡೆದೆವು. ಪಕ್ಕದ ಟೈರಿನವನು ಎಂದಿನಂತೆ ಬಂದು ಇದನ್ನು ಯಾರು ಗುಡಿಸುತ್ತಾರೆ ಎಂದು ಕೇಳಿ ಹೋದ. ಬೆಂಚಿದ್ದ ಜಾಗದಲ್ಲಿ ಶಿವಪ್ರಕಾಶ್ ಬರೀ ನೆಲಕ್ಕೆ ಕುಂಕುಮ ಇಡಲು ಹೋದರು.

"ನೆಲ ಏನ್ ಮಾಡ್ತು ಪಾಪ? ಬಿಡಿ. ನಾನು ಡ್ಯಾನ್‌ವಿಲ್‌ಗೇ ಹೋಗಿ ಬೆಂಚಿಗೆ ಇಟ್ಟು ಬತ್ತೀನಿ."

"ಅಲ್ಲೋಗಿ ಜಗಳ ತೆಗೀಬ್ಯಾಡ."

"ಪೂಜೆಗೆ ಹೊಂಟಿವ್ನಿ, ಜಗಳಕ್ಕಲ್ಲ."

ಅದು ನಿಜವೇ ಆಗಿತ್ತು. ಪುಟ್ಟ ಕುಂಕುಮದ ಭರಣಿ, ಎರಡು ನಿಂಬೆಹಣ್ಣು ತೆಗೆದುಕೊಂಡು ರೇಷ್ಮೆ ಸೀರೆ ಉಟ್ಟು ಹೊರಟೆ. ಇವರೂ ಬಂದರು, ಕಾಯಲೋ ತಡೆಯಲೋ ಗೊತ್ತಿಲ್ಲ.

ಡ್ಯಾನ್‌ವಿಲ್‌ನ ಆ ಮನೆಯ ಹಾಲಿನಲ್ಲಿ ಹೆಂಗಸರು ತುಂಬಿದ್ದರು. ಗೊಂಬೆಗಳನ್ನು ಚೆನ್ನಾಗಿಯೇ ಜೋಡಿಸಿದ್ದರು, ಸುಳ್ಳು ಹೇಳಬಾರದು. ಮೇಲೆ ಪಟ್ಟದ ರಾಜ ರಾಣಿ, ಕೆಳಗೆ ದಶಾವತಾರ, ಅದರ ಕೆಳಗೆ ಶೆಟ್ಟಿ ದಂಪತಿ ಅಂಗಡಿ ಇಟ್ಟುಕೊಂಡು ಕೂತಿದ್ದರು. ಮೆಟ್ಟಿಲುಗಳಿಗೆಲ್ಲ ಬಿಳಿ ಪಂಚೆ, ಬುಡದಲ್ಲಿದ್ದ ನನ್ನ ಬೆಂಚಿಗೆ ನೆಲ ಮುಟ್ಟುವ ಹಾಗೆ ಜರಿ ಬಟ್ಟೆ. ಗಾರ್ಗಿಯ ಅತ್ತೆ ಸತ್ಯವತಮ್ಮ ಕೈಗೆ ಅರಿಶಿನ ಕೊಟ್ಟು, "ಬಾಮ್ಮ, ನೀನೇ ಏನು ಕಬ್ಬಿಣದ ಕೆಲಸ ಮಾಡೋದು? ಧೈರ್ಯ ಬಿಡು" ಎಂದರು. ಮಾತಿನಲ್ಲಿ ಕುಹಕ ಇರಲಿಲ್ಲ.

"ಬೆಂಚಿಗೆ ಒಂಚೂರು ಕುಂಕುಮ ಇಡ್ತೀನಮ್ಮ. ಆಯುಧಪೂಜೆ ಅಲ್ವಾ" ಎಂದು ಬಗ್ಗಿ, ಕೆಂಪಾಗಿದ್ದ ಆ ಮೂಲೆ ಹುಡುಕಿ ಜರಿ ಬಟ್ಟೆ ಎತ್ತಿದೆ.

ಹಸಿರು. ಪಿಸ್ತಾ ಹಸಿರು. ಕೈಯಿಟ್ಟರೆ ಜಾರುವಂಥ ನುಣುಪು. ತಪ್ಪು ಮೂಲೆ ಎತ್ತಿರಬೇಕು ಅಂದುಕೊಂಡು ಈ ಕಡೆ ಬಂದು ಬಟ್ಟೆ ಎತ್ತಿದೆ. ಅಲ್ಲೂ ಹಸಿರು. ಮೆಟ್ಟಿಲ ಕೆಳಗೆ ಕೈ ತೂರಿಸಿ ಹಲಗೆಯ ಮೇಲೆಲ್ಲ ಉಗುರಿನಿಂದ ತಡಕಿದೆ. ಒಂದು ಗೀರೂ ಸಿಗಲಿಲ್ಲ. ಬಳಪ ಉಜ್ಜಿ ತೊಳೆದ ಸ್ಲೇಟಿನ ಹಾಗಿತ್ತು.

ಗಾರ್ಗಿ ಹಿಂದಿನಿಂದ ಚಪ್ಪಾಳೆ ತಟ್ಟಿದಳು. "ಸರ್‌ಪ್ರೈಸ್ ನೋಡಿಬಿಟ್ರಾ! ಕಾನ್ಕರ್ಡ್‌ನಲ್ಲಿ ಒಬ್ಬರಿಗೆ ಕೊಟ್ಟು ಗ್ರೈಂಡ್ ಮಾಡಿಸಿ ಫುಲ್ ರಿಸ್ಟೋರ್ ಮಾಡಿಸಿದೆ ಆಂಟಿ. ಎಲ್ಲರದ್ದೂ ಹೊಸದು ಮಾಡಿ ಕೊಡ್ತೀರಾ, ನಿಮ್ಮದು ಮಾತ್ರ ಅಷ್ಟು ಗಲೀಜಾಗಿತ್ತು. ಕಲರ್ ನೀವೇ ಹೇಳಿದ್ದು, ಆ ಕಾಲದ್ದೇ ಒರಿಜಿನಲ್ ಕಲರ್ ಅಂತ."

ನಾನು ಎದ್ದು ನಿಂತೆ. ನಿಂಬೆಹಣ್ಣು ಕೈಯಿಂದ ಮೆಟ್ಟಿಲ ಮೇಲೆ ಬಿದ್ದು ಶೆಟ್ಟಿ ದಂಪತಿಯ ಅಂಗಡಿಯವರೆಗೂ ಉರುಳಿತು.

"ಯಾರನ್ನ ಕೇಳಿ ಮಾಡಿಸಿದ್ರಿ?"

"ಕೇಳಿದ್ರೆ ಸರ್‌ಪ್ರೈಸ್ ಹೇಗಾಗುತ್ತೆ?" ಅವಳ ನಗು ಅರ್ಧಕ್ಕೆ ನಿಂತಿತು.

"ಅದರ ಮೇಲೆ ನನ್ನ ಗೀರಿದ್ವು. ನಿಮ್ಮ ಬೆಂಚು ಮಾಡಬೇಕಾದ್ದೂ ಅವುಗಳ ಮೇಲೇ. ಈ ಮನೇಲಿ ನಿಮ್ಮ ಯಜಮಾನ್ರು ಅನುರಾಗ್ ಕೂತು ಕೆಲಸ ಮಾಡೋ ಟೇಬಲ್ಲು ಒಂದೈತಲ್ಲ, ಅದನ್ನ ಮಾಡಿದ್ದೂ ಅವುಗಳ ಮೇಲೇ. ಹಬ್ಬಕ್ಕೆ ಅಂತ ಕೊಟ್ಟ ಸಾಮಾನು ಕೆರೆಯೋಕೆ ನಿಮಗೇನು ಹಕ್ಕು?"

ಹೆಂಗಸರು ಕೋಸಂಬರಿ ತಟ್ಟೆ ಹಿಡಿದುಕೊಂಡೇ ಹತ್ತಿರ ಸರಿದರು. ಆಗ ಸತ್ಯವತಮ್ಮ ಸೊಸೆಯ ಮುಂದೆ ಬಂದು ನಿಂತರು. "ಅವಳನ್ನ ಬೈಬೇಡಮ್ಮ. ನಾನೇ ಹೇಳಿದ್ದು. ಗೊಂಬೆ ಅಂದ್ರೆ ದೇವರಲ್ವೇ? ಕಂಡದ್ದರ ಮೇಲೆ ಕೂರಿಸಕ್ಕಾಗತ್ತಾ? ಶುದ್ಧ ಮಾಡಿಸಲೇಬೇಕು ಅಂದೆ."

"ಏನಾಗಿತ್ತು ಅದಕ್ಕೆ?"

ಸತ್ಯವತಮ್ಮನ ಕಣ್ಣು ಬಾಗಿಲ ಹತ್ತಿರ ನಿಂತಿದ್ದ ನನ್ನ ಗಂಡನ ಕಡೆ ಹೋಯಿತು. ನಾನೂ ತಿರುಗಿದೆ.

"ಇಳಿಸೋವಾಗ ಅಮ್ಮೋರು ಕೇಳುದ್ರು ಕಣಮ್ಮಿ," ಶಿವಪ್ರಕಾಶ್ ಕತ್ತು ಕೆರೆದುಕೊಂಡರು. "ಈ ಕಲೆ ಏನು ಅಂದ್ರು. ಎಣ್ಣೆ ಅಂದೆ. ಇದು ಅಂದ್ರು. ಕುಂಕುಮ ಅಂದೆ. ಇದು ಅಂದ್ರು. ನಾವು ಇದ್ರ ಮ್ಯಾಲೇ ಉಣ್ಣೋದು, ಸಾರು ಚೆಲ್ಲಿರ್ಬೇಕು ಅಂದೆ. ಏನ್ ಸಾರು ಅಂದ್ರು."

"ನೀವೇನಂದ್ರಿ?"

"ಕೋಳಿ ಸಾರು."

ಯಾರೋ ಕಿಸಕ್ಕನೆ ನಕ್ಕರು. ಗೀರು ಹೋದದ್ದಕ್ಕೆ ಬಂದಿದ್ದ ಸಿಟ್ಟು ಬೇರೆ, ಈಗ ಬಂದದ್ದೇ ಬೇರೆ. ಊರಲ್ಲಿದ್ದಾಗ ಇಂಥ ಮಾತು ಕಿವಿಗೆ ಬಿದ್ದರೆ ಬಗ್ಗಿ ಬಂದುಬಿಡುತ್ತಿದ್ದೆವು. ಇಷ್ಟು ದೂರ ಬಂದು, ಫ್ರೀವೇ ಪಕ್ಕದಲ್ಲಿ ಹೊಗೆ ಕುಡಿದು ಕಬ್ಬಿಣ ಬಡಿದ ಮೇಲೂ ಬಗ್ಗಬೇಕಾ?

ಅಡುಗೆಮನೆಯ ಕಟ್ಟೆಯ ಮುಂದೆ ನಮ್ಮದೇ ಶೆಡ್ಡಿನ ಎರಡು ಸ್ಟೂಲುಗಳಿದ್ದವು. ಹೋಗಿ ಒಂದನ್ನು ಕಿವಿ ಹಿಡಿದ ಹಾಗೆ ಎತ್ತಿ ತಂದು ಗೊಂಬೆಗಳ ಮುಂದೆ ಕುಕ್ಕಿದೆ.

"ಇದು ಓಕ್ಲೆಂಡಿನ ಕಸಾಯಿಖಾನೆ ಸ್ಟೂಲು. ಗಾರ್ಗಿ, ಕೊಡೋವಾಗಲೇ ಹೇಳಿದ್ನಾ ಇಲ್ವಾ?"

"ಹೇಳಿದ್ರಿ," ಎಂದಳು ಸಣ್ಣಗೆ.

"ದನ ಕಡಿಯೋರು ಕೂತಿದ್ದು. ಇದರ ತುಕ್ಕು ತೆಗೀತೀನಿ ಅಂದ್ರೆ ಬೇಡ ಆಂಟಿ, ಅದೇ ಬ್ಯೂಟಿ ಅಂದ್ರಿ. ಇಲ್ಲಿ ಕೂತು ದಿನಾ ಮೊಸರನ್ನ ಉಣ್ತೀರಿ. ಯಾರೋ ದೊರೆ ಸೀಮೆಯೋನು ದನದ ರಕ್ತ ಒರೆಸಿದ್ರೆ ಅದು ಕಥೆ. ನಾವು ಒಂದು ಹನಿ ಕೋಳಿ ಸಾರು ಚೆಲ್ಲಿದ್ರೆ ಅದು ಮೈಲಿಗೆ. ಅಲ್ವಾ?"

ಸತ್ಯವತಮ್ಮ ಆ ಸ್ಟೂಲನ್ನೇ ನೋಡುತ್ತ ನಿಂತರು. ಬೆಳಿಗ್ಗೆ ಅದರ ಮೇಲೆ ಕೂತು ಕಾಫಿ ಕುಡಿದಿದ್ದರೋ ಏನೋ, ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇದು ನನಗೆ ಯಾರೂ ಹೇಳಲಿಲ್ಲ," ಎಂದು ಸೊಸೆಯ ಕಡೆ ತಿರುಗಿದರು.

"ಅತ್ತೆ, ಅದು ಆಂಟೀಕ್..."

"ಬೆಂಚು ಈಗಲೇ ಬೇಕು ನನಗೆ," ಎಂದೆ.

"ನಾಡಿದ್ದು ಬೆಳಿಗ್ಗೆವರೆಗೂ ತಡ್ಕೋಮ್ಮ. ನಾಳೆ ರಾತ್ರಿ ಪಟ್ಟದ ಗೊಂಬೆ ಮಲಗಿಸ್ತೀನಿ. ಅದಕ್ಕೆ ಮುಂಚೆ ಕದಲಿಸಬಾರದು. ನಿನಗೂ ಗೊತ್ತು."

ಗೊತ್ತು, ಅದೇ ಸಂಕಟ. ಅಲ್ಲದೆ ಅವತ್ತು ನಮ್ಮಲ್ಲೂ ಆಯುಧ ಮುಟ್ಟುವ ಹಾಗಿಲ್ಲ. ಮುಟ್ಟಬಹುದಾಗಿದ್ದರೆ ಟ್ರಕ್ಕಿನಲ್ಲಿದ್ದ ಸುತ್ತಿಗೆ ಏನು ಮಾಡುತ್ತಿತ್ತೋ ಹೇಳಲಾರೆ. ತಾಂಬೂಲ ತೆಗೆದುಕೊಳ್ಳದೆ ಹೊರಗೆ ಬಂದೆ. ದಾರಿಯುದ್ದಕ್ಕೂ ಇವರಿಗೆ ಮಂಗಳಾರತಿ ಮಾಡಿದೆ. "ಸುಳ್ ಹೇಳ್ಬೇಕಾಗಿತ್ತಾ?" ಎಂದರು ಕೊನೆಗೆ. ಅದಕ್ಕೂ ಸೇರಿಸಿ ಇನ್ನಷ್ಟು ಬೈದೆ.

ಗೊಂಬೆ ಇಳಿಸುವ ದಿನ ಬೆಳಿಗ್ಗೆ ಟ್ರಕ್ಕು ತೆಗೆದುಕೊಂಡು ಹೋದಾಗ ಗಾರ್ಗಿಯ ಕಣ್ಣು ಊದಿತ್ತು. ಬೆಂಚು ಹಾಲಿನ ನಡುವೆ ಒಂಟಿಯಾಗಿ, ಹಸಿರಾಗಿ, ಯಾರದೋ ಮನೆಯ ಮದುವಣಗಿತ್ತಿಯ ಹಾಗೆ ನಿಂತಿತ್ತು. ಗೊಂಬೆಗಳೆಲ್ಲ ಪೆಟ್ಟಿಗೆಯಲ್ಲಿ.

"ಆಂಟಿ, ಅನುರಾಗ್ ಕಂಪ್ಯೂಟರಲ್ಲಿ ಡ್ರಾಯಿಂಗ್ ಮಾಡಿಕೊಡ್ತಾರಂತೆ. ಹಳೇ ಫೋಟೋ ಇದ್ರೆ..."

"ಫೋಟೋ ತೆಗೆಯೋಕೆ ಅದೇನು ಮೊಮ್ಮಗುವಾ? ಅನುರಾಗ್ ಟೇಬಲ್ಲು ಎಲ್ಲಿ?"

ದಾರಿಯಲ್ಲಿ ಹೊಳೆದಿತ್ತು. ನನ್ನ ಗೀರುಗಳು ಹೋದರೂ ಗೀರುಗಳ ಮೇಲೆ ಹುಟ್ಟಿದ್ದು ಆ ಮನೆಯಲ್ಲೇ ಇತ್ತು. ಅವರು ಹೇಳಿದ್ದ ಬೆಂಚಿಗೂ ಆ ಟೇಬಲ್ಲಿಗೂ ಕಾಲು ಒಂದೇ. ಅನುರಾಗ್ ಮೀಟಿಂಗಿನಲ್ಲಿದ್ದ. ನಾನೂ ಶಿವಪ್ರಕಾಶ್‌ರೂ ಒಳಗೆ ನುಗ್ಗಿ ಟೇಬಲ್ಲು ಹಿಡಿದಾಗ, ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು, "ಒನ್ ಸೆಕೆಂಡ್, ಐ ಆಮ್ ಲೂಸಿಂಗ್ ಮೈ ಡೆಸ್ಕ್" ಎಂದು ಪರದೆಯೊಳಗಿನವರಿಗೆ ಹೇಳಿದ.

ಟೇಬಲ್ಲನ್ನು ಬೆಂಚಿನ ಮೇಲೆ ಪಕ್ಕಕ್ಕೆ ಉರುಳಿಸಿ, ಕಾಲಿನ ಚೌಕಟ್ಟು ಹಲಗೆಗೆ ಅಂಟುವ ಹಾಗೆ ಮಲಗಿಸಿದೆವು. ಉಕ್ಕಿನ ಮೊಳೆ ತೆಗೆದು ಚೌಕಟ್ಟಿನ ಅಂಚು ಹಿಡಿದು ಎಳೆದೆ. ಹಸಿರು ಬಣ್ಣ ಸುರುಳಿ ಸುರುಳಿಯಾಗಿ ಎದ್ದಿತು. ಆ ಸದ್ದಿಗೆ ಗಾರ್ಗಿ ಹಲ್ಲು ಜುಮ್ಮೆಂದವಳಂತೆ ಕೆನ್ನೆ ಹಿಡಿದುಕೊಂಡಳು. ಸಮಾಧಾನವಾಯಿತು, ಇನ್ನಷ್ಟು ಒತ್ತಿ ಎಳೆದೆ. ಆದರೆ ಆ ಹಾಳು ನುಣುಪಿನ ಮೇಲೆ ಟೇಬಲ್ಲು ಜಾರುತ್ತಿತ್ತು. ಇವರೊಬ್ಬರ ಕೈ ಸಾಲಲಿಲ್ಲ.

"ಇನ್ನೊಬ್ಬರು ಹಿಡೀರಿ ಆ ಕಡೆ!" ಎಂದು ಕೂಗಿದೆ, ಯಾರೆಂದು ನೋಡದೆ.

ಎರಡು ಕೈ ಬಂದು ಚೌಕಟ್ಟನ್ನು ಅದುಮಿದವು. ಬಳೆಯ ಕೈ, ಚರ್ಮ ಸುಕ್ಕುಗಟ್ಟಿದ್ದು. ಸತ್ಯವತಮ್ಮ. ಸ್ನಾನ ಮಾಡಿ ಒದ್ದೆ ಕೂದಲಿಗೆ ಗಂಟು ಹಾಕಿದ್ದರು. ನನ್ನ ಮೊಣಕೈ ಅವರಿಗೆ ತಾಗುತ್ತಿತ್ತು. ಅವರು ಸರಿಯಲಿಲ್ಲ, ನಾನೂ ಸರಿಯಲಿಲ್ಲ.

"ನಾನು ಕಲಿತದ್ದು ಅಷ್ಟೇಮ್ಮ," ಎಂದರು. "ನಮ್ಮತ್ತೆ ಹೇಳಿಕೊಟ್ಟದ್ದು."

"ನಿಮ್ಮತ್ತೆ ನನ್ನ ಬೆಂಚಿನ ವಿಷಯ ಏನೂ ಹೇಳಿರಲ್ಲ. ಗಟ್ಟಿಯಾಗಿ ಒತ್ತಿ."

ಒತ್ತಿದರು. ಕಾಲಿನ ಗೀರು ವಾಪಸು ಬಂತು. ಸ್ಟೂಲಿನದು ಆಮೇಲೆ ಬೇರೆ ಗಿರಾಕಿಯ ಮನೆಯಲ್ಲಿ ಸಿಕ್ಕಿತು. ಲಾಕರಿನ ಬಾಗಿಲಿನದು ಹೋದದ್ದು ಹೋಯಿತು, ಇನ್ನೂ ಸಿಕ್ಕಿಲ್ಲ. ಕಾರ್ಖಾನೆಯವರ ಹಳೇ ಗೀರುಗಳಂತೂ ಯಾವ ಜನ್ಮಕ್ಕೂ ಇಲ್ಲ. ಅವು ಯಾತಕ್ಕೆಂದು ನನಗೂ ಗೊತ್ತಿರಲಿಲ್ಲ, ಆದರೂ ಇದ್ದವು.

ಬೆಂಚನ್ನು ಶೆಡ್ಡಿಗೆ ತಂದು ಅದರ ಜಾಗದಲ್ಲಿ ನಿಲ್ಲಿಸಿ ಗಾರ್ಗಿಯ ಕೆಲಸವನ್ನೇ ಮೊದಲು ಹಿಡಿದೆ. ಯಾಕೆಂದರೆ ಅದು ಮುಗಿಯದೆ ಆ ಮನೆಯ ಋಣ ಹರಿಯುವುದಿಲ್ಲ. ಹೊಸ ಗೀರಿನೊಳಗೆ ಕಾಲು ಮಲಗಿಸಿದೆ, ಕೂತಿತು. ಬಣ್ಣ ಒಣಗಿದ ದಿನ ಮನೆಯಿಂದ ಮುದ್ದೆ, ಕೋಳಿ ಸಾರು ತಂದು ಗಾರ್ಗಿಯ ಹೊಸ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆ.

ಶಿವಪ್ರಕಾಶ್ ಕೈತೊಳೆದು ಬಂದವರು ಅಲ್ಲೇ ನಿಂತುಬಿಟ್ಟರು. "ಇದು ಬ್ಯಾಡ ಕಣಮ್ಮಿ. ಕದ್ದುಮುಚ್ಚಿ ಹಿಂಗೆಲ್ಲ ಮಾಡಬಾರ್ದು."

"ಯಾರು ಕದ್ದುಮುಚ್ಚಿ ಅಂದೋರು? ಕೂತ್ಕೊಂಡು ಉಣ್ಣಿ."

ಉಂಡೆವು. ಎಲ್ಲ ಕಡೆ ಉಣ್ಣುವ ಹಾಗೆಯೇ, ಬೇಕೆಂದು ಚೆಲ್ಲಲಿಲ್ಲ. ಒರೆಸಿ, ಟ್ರಕ್ಕಿಗೆ ಹಾಕಿ ಡ್ಯಾನ್‌ವಿಲ್‌ಗೆ ಒಯ್ದೆವು. ಇಳಿಸುವ ಮುಂಚೆ ನಾನೇ ಹೋಗಿ ಬಾಗಿಲು ತಟ್ಟಿದೆ. ಸತ್ಯವತಮ್ಮನೇ ತೆಗೆದರು, ಹಿಂದೆ ಗಾರ್ಗಿ.

"ನಿಮ್ಮ ಬೆಂಚು ತಂದಿವ್ನಿ. ಇದರ ಮೇಲೆ ನಾವಿಬ್ರೂ ಊಟ ಮಾಡಿದೀವಿ. ಕೋಳಿ ಸಾರು. ನಾವು ಮಾಡೋ ಸಾಮಾನೆಲ್ಲ ನಮ್ಮ ಕೈ ಮುಟ್ಟೇ ಬರೋದು, ಈ ಕೈ ಅದನ್ನೇ ತಿನ್ನೋದು. ಬೇಕಾದ್ರೆ ಇಳಿಸ್ತೀನಿ. ಬ್ಯಾಡ ಅಂದ್ರೆ ಈಗಲೇ ವಾಪಸ್ ತಗೊಂಡೋಯ್ತೀನಿ. ಕೆರೆಸೋದಾದ್ರೆ ಮಾತ್ರ ಕೊಡಕ್ಕಿಲ್ಲ."

ಗಾರ್ಗಿ ಅತ್ತೆಯ ಮುಖ ನೋಡಿದಳು. ಸತ್ಯವತಮ್ಮ ಒಳಗೆ ಹೋದರು. ಬಚ್ಚಲಲ್ಲಿ ನೀರಿನ ಸದ್ದು ಕೇಳಿಸಿತು. ಹಿಂಡಿದ ಒದ್ದೆ ಬಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಆ ಬಟ್ಟೆ ಬೆಂಚಿಗೆ ಮುಟ್ಟಿದರೆ ಸಾಕು, ತಿರುಗಿ ಟ್ರಕ್ಕಿಗೇ ಹಾಕುತ್ತೇನೆ ಎಂದುಕೊಂಡೆ.

ಅವರು ನಮ್ಮ ಕಡೆ ಬರಲಿಲ್ಲ. ಕಿಟಕಿಯ ಪಕ್ಕ, ಬೆಂಚು ನಿಲ್ಲಬೇಕಾಗಿದ್ದ ಜಾಗದಲ್ಲಿ ಮೊಣಕಾಲೂರಿ ನೆಲ ಒರೆಸಿದರು. ಊಟಕ್ಕೆ ಬಂದವರಿಗೆ ಎಲೆ ಹಾಕುವ ಮುಂಚೆ ಒರೆಸುತ್ತಾರಲ್ಲ, ಹಾಗೆ, ಮೂಲೆ ಮೂಲೆಯನ್ನೂ ಬಿಡದೆ. ಮುಗಿದ ಮೇಲೆ ಕಿಟಕಿ ಹಿಡಿದು ಕಷ್ಟಪಟ್ಟು ಎದ್ದರು.

"ಇಲ್ಲಿಡಿ," ಎಂದರು.

ಇಟ್ಟೆವು. ಗಾರ್ಗಿ ಕಾಫಿ ತರುತ್ತೇನೆ ಎಂದಳು. ಬೇಡ ಎಂದೆ. ಟ್ರಕ್ಕು ಹತ್ತಿ ಬಾಗಿಲು ಧಡಾರನೆ ಎಳೆದುಕೊಂಡೆ.

"ಅವ್ರೇ ಸೋತ್ರಲ್ಲಮ್ಮಿ," ಎಂದರು ಶಿವಪ್ರಕಾಶ್. "ಇನ್ನಾದ್ರೂ ವಸಿ ನಗಬಾರ್ದಾ?"

"ಲಾಕರ್ ಬಾಗಿಲಿನ ಗೀರು ನಿಮ್ಮಪ್ಪ ತಂದ್ಕೊಡ್ತಾನಾ? ಗಾಡಿ ತೆಗೀರಿ," ಎಂದೆ.